ಬೋಟು ನೀರಿಗೆ ಇಳಸೂಕಿಂತ ಮುಂಚೆ ಒಂದು ಪ್ರದಕ್ಷಿಣಿ ಹಾಕ್ರಿ

ಬೂಚು ನನ್ನ ಅಂಗಿ ಕಿಸೆದಾಗ ಇತ್ತು. ಬೋಟು ದಂಡಿ ಬಿಟ್ಟು ನೂರು ಮೀಟರ್ ಒಳಗ ಹೋಗೇತಿ, ಪಾದ ತಣ್ಣಗ ಆಗಾಕ ಹತ್ತಿದ್ವು, ಬಲಿ ಒದ್ದಿ ಇದ್ವಲ್ಲ ಅದರ ನೀರಿರಬೇಕು ಅಂತ ಸುಮ್ನಾದ್ವಿ. ಆಮ್ಯಾಲೆ ನಮ್ಮ ಭಾವ ಹಿಂದಿನ ಹಲಿಗಿ ಸರಿಸಿ ನೋಡ್ತಾನ, ಹಿಮ್ಮಡಿ ಮುಳುಗೂವಷ್ಟು ನೀರು ನಿಂತೈತಿ. ಫೋನ್ ತಗ್ಯಾಕಂತ ಕಿಸೆದಾಗ ಕೈ ಹಾಕಿದ್ರ ಕೈಗೆ ಬಂದಿದ್ದು ಬೋಟಿನ ತಳದ ಬೂಚು, ಅಂದ್ರ ಬೋಟು ಮ್ಯಾಲೆ ಎತ್ತಿದಾಗ ಒಳಗಿನ ನೀರು ಹೋಗಾಕ ಹಿಂದ ಬಿಟ್ಟಿರೂ ತೂತಿನ ಮುಚ್ಚಳ. ಅವನ ಮಾರಿ ನಾ ನೋಡ್ಲಿಲ್ಲ.

ಮುನಿರಾಬಾದ್ ಕಡೆ ತುಂಗಭದ್ರಾ ಡ್ಯಾಮಿನ ಹಿನ್ನೀರಾಗ ನಮ್ಮಿಬ್ಬರದು ಕೂಡಿ ತಗೊಂಡಿದ್ದೊಂದು 14 ಅಡಿ ಫೈಬರ್ ಬೋಟ್ ಐತಿ, ಹಿಂದ ಸಣ್ಣದೊಂದು ಔಟ್‌ಬೋರ್ಡ್ ಇಂಜಿನ್. ಟ್ರೇಲರ್ ಮ್ಯಾಲೆ ಹೇರಿ ಪಿಕಪ್‌ಗೆ ಕಟ್ಟಿ ದಂಡಿಗೆ ತರ್ತೀವಿ, ಹಿಂದಕ್ಕ ತಗೊಂಡು ನೀರಿಗೆ ಬಿಡ್ತೀವಿ. ಎಷ್ಟು ಸಲ ಮಾಡೀವಿ ಅಂದ್ರ ನಿದ್ದ್ಯಾಗ ಎಬ್ಬಿಸಿದ್ರೂ ಮಾಡ್ತೀವಿ. ಅದs ಆಗಿದ್ದು ತಪ್ಪು, ನಿದ್ದ್ಯಾಗ ಮಾಡಿದಂಗs ಮಾಡ್ತಿದ್ವಿ. ಅವತ್ತು ಹುಲಿಗಿ ಹುಣ್ಣಿಮಿ, ರೋಡಿನ ತುಂಬ ಗಾಡಿ, ಬೂಚು ಹಾಕಾಕಂತ ಬೋಟಿನ ಹಿಂದ ಬಗ್ಗೀನಿ, ದೇವಸ್ಥಾನಕ್ಕ ಹೊಂಟಿದ್ದ ನಮ್ಮ ಸೋದರಮಾವ ಗಾಡಿ ನಿಲ್ಸಿ ಕೂಗಿದ್ರು, ಎದ್ದು ಬೂಚು ಕಿಸೆಕ್ಕ ಹಾಕ್ಕೊಂಡು ಹೋಗಿ ಮಾತಾಡ್ದೆ, ಚಾ ಕುಡದ್ವಿ, ತಿರುಗಿ ಬಂದು ಮುಂದಿನ ಕೆಲಸ ಹಿಡ್ದೆ. ತಲಿಯೊಳಗ ಬೂಚು ಹಾಕಿ ಆಗಿತ್ತು.

ಲೆಕ್ಕ ಹಾಕಿ ನೋಡ್ರಿ. ಒಂದಿಂಚಿನ ತೂತು ನೀರಿನ ಮಟ್ಟದಿಂದ ಅರ್ಧ ಅಡಿ ಕೆಳಗಿದ್ರ ಮಿನಿಟ್ಟಿಗೆ ಹೆಚ್ಚುಕಮ್ಮಿ 30 ಲೀಟರ್ ನೀರು ಒಳಗ ಬರ್ತೈತಿ, ಅಂದ್ರ ಎರಡು ಕೊಡ. ಹತ್ತು ಮಿನಿಟ್ಟಿಗೆ 300 ಕೆಜಿ, ನಾಕೈದು ಆಳು ಪುಕ್ಕಟೆ ಹತ್ತಿ ಕುಂತಂಗ. ನೀರು ಹೆಚ್ಚಾದಷ್ಟು ಬೋಟಿನ ಹಿಂಭಾಗ ಕೂರ್ತೈತಿ, ಕುಂತಷ್ಟೂ ತೂತು ಆಳಕ್ಕ ಹೋಗ್ತೈತಿ, ನೀರು ಇನ್ನೂ ಜೋರು ಬರ್ತೈತಿ. ನಮಗ ದಂಡಿ ಹತ್ರ ಇತ್ತು, ಬದುಕಿದ್ವಿ. (ಚಲೋ ಸ್ಪೀಡಿನ್ಯಾಗ ಹೊಂಟ ಬೋಟಿಗೆ ಬೂಚು ಇರದಿದ್ರ ನೀರು ಒಳಗ ಬರೂ ಬದ್ಲಿ ಹೊರಗ ಎಳಕೊಂಡು ಹೋಗ್ತೈತಿ ಅಂತಾರ, ಖರೇನೂ ಐತಿ, ಆದ್ರ ನಿಂತ ಕೂಡ್ಲೇ ಮತ್ತ ಒಳಗ. ಬಲಿ ಹಾಕಾಕ ಹೋದಾಂವ ನಿಲ್ಲದs ಇರ್ತಾನೇನು?)

ಇದು ದಡ್ಡರಿಗೆ ಅಷ್ಟs ಆಗೂದು ಅನ್ಕೋಬ್ಯಾಡ್ರಿ. 1935ರ ಅಕ್ಟೋಬರ್ 30ಕ್ಕ ಅಮೆರಿಕದ ಡೇಟನ್‌ನಾಗ ಬೋಯಿಂಗ್ ಕಂಪನಿಯ ಮಾಡೆಲ್ 299 ಅನ್ನೋ ಹೊಸ ವಿಮಾನ ಮ್ಯಾಲೆ ಏರಿ ಕೂಡ್ಲೇ ಬಿತ್ತು. ನಿಂತಾಗ ಗಾಳಿಗೆ ಬಾಲದ ರೆಕ್ಕಿ ಅಲ್ಲಾಡಬಾರ್ದು ಅಂತ ಒಂದು ಲಾಕ್ ಹಾಕಿರ್ತಾರ, ಅದನ್ನ ತಗ್ಯಾಕ ಮರತಿದ್ರು. ನಡಿಸ್ತಿದ್ದವರು ಪಳಗಿದ ಪೈಲಟ್‌ಗಳು. ಆಮ್ಯಾಲೆ ಅಲ್ಲಿನವರು ಮಾಡಿದ್ದು ಹೆಚ್ಚಿನ ಟ್ರೇನಿಂಗ್ ಅಲ್ಲ, ಒಂದು ಸಣ್ಣ ಪಟ್ಟಿ, ಓದ್ಕೊಂತ ಒಂದೊಂದs ಮಾಡೂದು. ಅದs ವಿಮಾನ ಮುಂದ ಬಿ-17 ಅಂತ ಸಾವಿರಗಟ್ಟಲೆ ಹಾರಿತು. ನೀರಿನ ಕತಿ ಬೇಕಂದ್ರ 1987ರ ಮಾರ್ಚ್ 6, ಬೆಲ್ಜಿಯಂನ ಝೀಬ್ರಗ್ಗ ಬಂದರು. ಲಾರಿ ಕಾರು ಹೇರ್ಕೊಂಡು ಹೋಗೂ ದೊಡ್ಡ ಹಡಗು ಮುಂದಿನ ಬಾಗ್ಲು ತೆರಕೊಂಡs ಹೊಂಟಿತು, ಬಂದರು ದಾಟಿದ ಸ್ವಲ್ಪ ಹೊತ್ತಿಗೆ ಮಗ್ಗಲಾತು, 193 ಮಂದಿ ಸತ್ರು. ಬಾಗ್ಲು ಮುಚ್ಚೂ ಕೆಲಸದಾಂವ ತನ್ನ ರೂಮಿನ್ಯಾಗ ಮಲಗಿದ್ದ. ಆದ್ರ ನನಗ ಚುಚ್ಚಿದ್ದು ಅದಲ್ಲ, ಕ್ಯಾಪ್ಟನ್‌ಗೆ ಬಾಗ್ಲು ಮುಚ್ಚೇತಿ ಅಂತ ಯಾರೂ ಬಂದು ಹೇಳೂ ಪದ್ಧತಿನs ಅಲ್ಲಿ ಇರ್ಲಿಲ್ಲ, ಯಾರೂ ಏನೂ ಅಂದಿಲ್ಲ ಅಂದ್ರ ಎಲ್ಲಾ ಸರಿ ಐತಿ ಅಂತ ತಿಳ್ಕೊಳ್ಳೂದು. ನಾವಿಬ್ಬರೂ ಅಷ್ಟs ಮಾಡಿದ್ದು. ಅವ ನಾ ಹಾಕೀನಿ ಅನ್ಕೊಂಡ, ನಾನೂ ನಾನs ಹಾಕೀನಿ ಅನ್ಕೊಂಡೆ.

ಈಗ ಹೆಂಗ ಮಾಡ್ತೀವಿ ಅಂತ ಹೇಳ್ತೀನಿ, ನಿಮಗ ಬೇಕಾದಂಗ ತಿದ್ಕೊಳ್ರಿ.

ಮೊದಲನೇ ಕೆಲಸ ಮನ್ಯಾಗ, ಹಿಂದಿನ ರಾತ್ರಿ. ಪೆಟ್ರೋಲ್, ಲೈಫ್ ಜಾಕೆಟ್ ಎಣಿಸೂದು (ಎಷ್ಟು ಜನ ಹೊಂಟೀವೋ ಅಷ್ಟು, ಒಂದೂ ಕಮ್ಮಿ ಅಲ್ಲ), ಟ್ರೇಲರ್ ಗಾಲಿ ಗಾಳಿ, ನೀರು ಚೆಲ್ಲಾಕ ಒಂದು ಡಬ್ಬಿ, ಹುಟ್ಟು ಎರಡು. ಇಂಜಿನ್ ಐತಲ್ಲ ಹುಟ್ಟು ಯಾಕ ಅನ್ನೋರು ಒಮ್ಮೆ ನಡು ಹಿನ್ನೀರಾಗ ಇಂಜಿನ್ ಬಂದ್ ಆಗಿ ನಿಂತು ನೋಡ್ರಿ. ಹವಾ ಹೆಂಗೈತಿ ಅನ್ನೋದೂ ರಾತ್ರೀನs ನೋಡೂದು, ಆಷಾಢದ ಗಾಳಿ ಬೆಳಿಗ್ಗೆ ಸುಮ್ನಿದ್ರೂ ಹೊತ್ತು ಏರಿದಂಗ ಹಿನ್ನೀರಾಗ ತೆರಿ ಎಬ್ಬಿಸ್ತೈತಿ.

ಎರಡನೇದು ಬಾಳ ಮುಖ್ಯ, ದಂಡಿಗೆ ನೇರ ಹೋಗಬ್ಯಾಡ್ರಿ. ನೀರಿಗಿಂತ ಒಂದು ಐವತ್ತು ಹೆಜ್ಜಿ ಮುಂಚೆ ಸಮ ಇದ್ದಲ್ಲಿ ಗಾಡಿ ನಿಲ್ಸ್ರಿ. ನೀರಿನ ಅಂಚಿಗೆ ಹೋದ ಮ್ಯಾಲೆ ಮನಸು ನೀರಾಗs ಇರ್ತೈತಿ, ಹಿಂದ ಇನ್ನೊಬ್ಬಾಂವ ಹಾರ್ನ್ ಹೊಡೀತಿರ್ತಾನ, ಅಲ್ಲಿ ಯಾರಿಗೂ ಪಟ್ಟಿ ಓದೂ ತಾಳ್ಮಿ ಇರಂಗಿಲ್ಲ. ದೂರ ನಿಲ್ಸೂದಕ್ಕ ಇನ್ನೊಂದು ಲಾಭ ಐತಿ, ಓಡಿ ಬಂದ ಟ್ರೇಲರ್ ಗಾಲಿಯ ಬೇರಿಂಗ್ ಕಾದಿರ್ತಾವ, ಕಾದಿದ್ದನ್ನ ಒಮ್ಮೆಲೆ ತಣ್ಣೀರಿಗೆ ಅದ್ದಿದ್ರ ಒಳಗಿನ ಗಾಳಿ ಕುಗ್ಗಿ ನೀರು ಎಳಕೊಂತಾವ, ಗ್ರೀಸ್ ಹಾಳು. ನಾವು ಸುತ್ತು ಹಾಕೂವಷ್ಟರಾಗ ಅವು ಸ್ವಲ್ಪನರ ಆರ್ತಾವ.

ಅಲ್ಲಿ ನಿಂತು ಬೋಟಿಗೆ ಒಂದು ಪ್ರದಕ್ಷಿಣಿ. ಗುಡಿ ಸುತ್ತಿದಂಗs, ಬಲಕ್ಕ ಇಟ್ಕೊಂಡು, ಯಾವಾಗ್ಲೂ ಒಂದs ಕಡೆಯಿಂದ. ನಾವು ಹಿಂದಿನ ಬೂಚಿನಿಂದ ಶುರು ಮಾಡ್ತೀವಿ. ನೋಡೂದಷ್ಟ ಅಲ್ಲ, ಮುಟ್ಟಬೇಕು. ಬೂಚು ಕೈಲೆ ತಿರುವಿ ನೋಡೂದು, ಇಂಜಿನ್ ಹಿಡದು ಅಲ್ಲಾಡಿಸೂದು, ಅದರ ಸ್ಕ್ರೂ ಎರಡೂ ಬಿಗಿ ಅದಾವೋ ಇಲ್ಲೋ, ಇಂಜಿನ್ ಮ್ಯಾಲೆ ಎತ್ತಿ ಲಾಕ್ ಮಾಡೂದು ಇಲ್ಲಾಂದ್ರ ಇಳಿಜಾರಿನ್ಯಾಗ ಫ್ಯಾನ್ ನೆಲಕ್ಕ ತಾಗ್ತೈತಿ, ಬೋಟನ್ನ ಟ್ರೇಲರಿಗೆ ಬಿಗದ ಹಿಂದಿನ ಬೆಲ್ಟ್ ಬಿಚ್ಚೂದು, ಟ್ರೇಲರ್ ಲೈಟಿನ ವೈರು ತಗಿಯೂದು, ಮುಂದಿನ ಹಗ್ಗ ಬೋಟಿಗೆ ಕಟ್ಟೇತೇನು ನೋಡೂದು. ಮುಂದಿನ ವಿಂಚಿನ (ಬೋಟನ್ನ ಟ್ರೇಲರ್ ಮ್ಯಾಲೆ ಎಳಿಯೂ ಕೈರಾಟಿ) ಬೆಲ್ಟ್ ಮಾತ್ರ ಅಲ್ಲಿ ಬಿಚ್ಚಬ್ಯಾಡ್ರಿ. ಅದು ಬೋಟು ತೇಲಿದ ಮ್ಯಾಲೇನs. ಮೊದ್ಲs ಬಿಚ್ಚಿದ್ರ ಇಳಿಜಾರಿನ್ಯಾಗ ಬೋಟು ಜಾರಿ ಕಲ್ಲಿನ ಮ್ಯಾಲೆ ಬೀಳೂದು ಗ್ಯಾರಂಟಿ.

ಈ ಪ್ರದಕ್ಷಿಣಿ ನಾ ಕಲ್ತಿದ್ದು ಪುಸ್ತಕದಾಗ ಅಲ್ಲ. ಆನೆಗೊಂದಿ ಕಡೆ ಹರಿಗೋಲಿನವರನ್ನ ಗಮನಿಸ್ರಿ, ಅವರ ಹತ್ರ ಯಾವ ಪಟ್ಟಿನೂ ಇಲ್ಲ ಏನೂ ಇಲ್ಲ. ಆದ್ರ ಬೆಳಿಗ್ಗೆ ಹರಿಗೋಲು ನೀರಿಗೆ ಹಾಕೂ ಮುಂಚೆ ಒಬ್ಬಾಂವ ಅದನ್ನ ತಲಿ ಮ್ಯಾಲೆ ಬೋರಲು ಹೊತ್ಕೊಂಡು ಒಳಗಿನಿಂದ ಮ್ಯಾಲೆ ನೋಡ್ಕೊಂತ ನಿಧಾನಕ ತಿರುಗ್ತಿದ್ದ. ಏನು ಮಾಡಾಕ ಹತ್ತಿ ಮಾರಾಯಾ ಅಂದೆ. ತೂತಿದ್ರ ಬಿಸಿಲು ಕಾಣ್ತೈತ್ರಿ ಅಂದ. ಸೂಜಿ ಮೊನಿಯಷ್ಟು ತೂತಿದ್ರೂ ಕತ್ತಲದಾಗ ಚುಕ್ಕಿ ಹೊಳದಂಗ ಹೊಳೀತೈತಿ. ಅಂವ ಅದನ್ನ ಒಂದು ದಿನಾನೂ ಬಿಡಂಗಿಲ್ಲ, ಯಾಕಂದ್ರ ಅದು ಹರಿಗೋಲು ಹೊತ್ಕೊಂಡು ಹೋಗೂ ಕೆಲಸದ ಒಳಗs ಸೇರ್ಕೊಂಡೈತಿ, ಬ್ಯಾರೆ ಕೆಲಸ ಅಲ್ಲ. ನಮ್ಮ ಪಟ್ಟಿನೂ ಹಂಗ ಆಗಬೇಕು ಅಂತ ನನಗ ಅನ್ನಿಸಿದ್ದು ಆವಾಗ.

ಅದಕ್ಕ ಬೂಚನ್ನ ಈಗ ಪಿಕಪ್ ಕೀ ಗೊಂಚಲಕ್ಕ ಕಟ್ಟೂದು. ಬೋಟಿಗೆ ಹಾಕಿಲ್ಲ ಅಂದ್ರ ಬೂಚು ಕೀ ಜೊತಿ ಜೋತಾಡ್ತಿರಬೇಕು. ದಂಡಿಗೆ ಗಾಡಿ ಹಿಂದಕ್ಕ ತಗೊಳ್ಳಾಕ ಕೀ ಹಾಕಿದಾಗ ಬೂಚು ಮೊಣಕಾಲಿಗೆ ಬಡದ್ರ, ಇಳೀರಿ, ಹಾಕಿಲ್ಲ. ಎಂಟಾಣೆ ದಾರ, ನನ್ನ ನೆನಪಿಗಿಂತ ಅದು ಗಟ್ಟಿ.

ಮೂರನೇದು ಕಾರ್ಡು. ಅಂಗೈ ಅಗಲದ್ದು, ಲ್ಯಾಮಿನೇಶನ್ ಮಾಡ್ಸಿ ಡ್ಯಾಶ್‌ಬೋರ್ಡಿಗೆ ಹಗ್ಗದಿಂದ ಕಟ್ಟೇವಿ. ಮೊದಲು ನಾ ಬರದಿದ್ದು ಇಪ್ಪತ್ತಾರು ಸಾಲು, ಸೊಳ್ಳಿ ಬತ್ತಿ ಸೈತ ಇತ್ತು ಅದರಾಗ. ಭಾವ ಎರಡನೇ ದಿನಾನs ಓದೂದು ಬಿಟ್ಟ. ಈಗ ಏಳs ಸಾಲು: ಬೂಚು, ಇಂಜಿನ್ ಸ್ಕ್ರೂ, ಇಂಜಿನ್ ಮ್ಯಾಲೆ, ಹಿಂದಿನ ಬೆಲ್ಟ್, ಲೈಟ್ ವೈರ್, ಮುಂದಿನ ಹಗ್ಗ, ಜಾಕೆಟ್. ಮರತ್ರ ಜೀವ ಹೋಗೂದು ಇಲ್ಲಾ ಬೋಟು ಹೋಗೂದು ಅಂಥಾವು ಮಾತ್ರ ಒಳಗ, ಉಳದಿದ್ದು ರಾತ್ರಿ ಪಟ್ಟಿಗೆ. ಸುತ್ತು ಹಾಕೂದು ಮೊದಲು, ಕಾರ್ಡ್ ಓದೂದು ಆಮ್ಯಾಲೆ. ಒಬ್ಬಾಂವ ಓದ್ತಾನ, ಇನ್ನೊಬ್ಬಾಂವ ಉತ್ತರ ಕೊಡ್ತಾನ. ಉತ್ತರ 'ಹೂಂ' ಅಂತ ಇರಬಾರ್ದು. ಹೂಂ ಅನ್ನೋದು ಬಾಯಿಗೆ ತಾನs ಬರ್ತೈತಿ. 'ಬೂಚು?' ಅಂದ್ರ 'ಹಾಕೇನಿ, ಕೈಲೆ ತಿರುವೇನಿ' ಅನಬೇಕು, 'ಜಾಕೆಟ್?' ಅಂದ್ರ 'ಎರಡು, ಮೈಮ್ಯಾಲೆ' ಅನಬೇಕು. ಜಪಾನಿನ ರೈಲ್ವೆದವರು ಸಿಗ್ನಲ್‌ಗೆ ಬಟ್ಟು ಮಾಡಿ ತೋರ್ಸಿ ಜೋರಾಗಿ ಒದರ್ತಾರಲ್ಲ, ಅದೂ ಇದs. ಮೊದಮೊದಲು ನಾಚ್ಗಿ ಬರ್ತೈತಿ, ದಂಡಿಮ್ಯಾಗ ಕುಂತ ಹುಡುಗ್ರು ನಗ್ತಾರ, ನಗ್ಲಿ.

ಒಂದು ನೇಮ ಐತಿ ನಮ್ಮದು, ಅದನ್ನ ಮುರಿಯಂಗಿಲ್ಲ: ಸುತ್ತು ಹಾಕೂ ಮುಂದ ಯಾರರ ಮಾತಾಡ್ಸಿದ್ರ, ಫೋನ್ ಬಂದ್ರ, ಬಿಟ್ಟಲ್ಲಿಂದ ಅಲ್ಲ, ಮತ್ತ ಬೂಚಿನಿಂದ. ನಾಕನೇದು ಮುಗಿಸಿದ್ನೋ ಐದನೇದು ಮುಗಿಸಿದ್ನೋ ಅಂತ ನೆನಸ್ಕೊಳ್ಳಾಕ ಹೋದ್ರ ತಲಿ ಸುಳ್ಳು ಹೇಳ್ತೈತಿ, ನಿನ್ನಿ ಹಾಕಿದ್ದನ್ನ ಇವತ್ತು ಹಾಕಿದಂಗ ತೋರಸ್ತೈತಿ. ದಿನಾ ಮಾಡೂ ಕೆಲಸದ ಕಷ್ಟನs ಇದು, ನೆನಪುಗಳು ಒಂದರಂಗ ಒಂದು ಇರ್ತಾವ. ಸುತ್ತಿಗೆ ಎರಡು ಮಿನಿಟ್ಟು, ಎರಡು ಸಲ ಹಾಕಿದ್ರ ನಾಕು ಮಿನಿಟ್ಟು.

ಇನ್ನ ದಂಡಿ. ನಮ್ಮ ಡ್ಯಾಮಿಗೆ ಇಳಸೂ ಕಟ್ಟೆ ಅಂತ ಎಲ್ಲಾ ಕಡೆ ಎಲ್ಲೈತ್ರಿ, ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1633 ಅಡಿ, ಬ್ಯಾಸಿಗ್ಯಾಗ ನೀರು ಎಷ್ಟೋ ದೂರ ಹಿಂದ ಸರದು ಎರಿ ಮಣ್ಣು ಬಾಯಿ ತೆರದಿರ್ತೈತಿ. 2024ರ ಆಗಸ್ಟ್‌ನಾಗ 19ನೇ ಗೇಟಿನ ಚೈನ್ ಕಡದು ಗೇಟು ಕೊಚ್ಚಿ ಹೋದಾಗಂತೂ ನೀರು ಬಿಡ್ಕೊಂತ ಹೋದಂಗ ದಂಡಿನs ದಿನಾ ಜಾಗ ಬದ್ಲಿ ಮಾಡ್ತಿತ್ತು. ಹಿಂಗಾಗಿ ಹಿಂದಿನ ವಾರದ ಜಾಗ ಅಂತ ನಂಬಬ್ಯಾಡ್ರಿ, ಇಳದು ನಡದು ನೋಡ್ರಿ, ಕಾಲು ಹಿಮ್ಮಡಿ ತನಕ ಹುಗದ್ರ ಗಾಡಿನೂ ಹುಗೀತೈತಿ. ಗಾಡಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್, ಗೇರು, ಆಮ್ಯಾಲೆ ಗವಿಮಠದ ತೇರಿನ ಗಾಲಿಗೆ ಸನ್ನಿ ಕೊಡ್ತಾರಲ್ಲ ಹಂಗ ಗಾಲಿಗೆ ಒಂದು ಕಟ್ಟಿಗಿ. ಟ್ರೇಲರಿಗೂ ಬೋಟಿಗೂ ನಡುವೆ ಯಾರೂ ನಿಲ್ಲಬಾರ್ದು. ಒಬ್ಬಾಂವನ ಕೈಯಾಗ ಮುಂದಿನ ಹಗ್ಗ. ತೇಲಿತು ಅಂದ್ರ ಆಗ ವಿಂಚಿನ ಬೆಲ್ಟ್.

ತೇಲಿದ ಕೂಡ್ಲೇ ಹೊಂಟ್‌ಬಿಡಬ್ಯಾಡ್ರಿ. ಹಗ್ಗ ದಂಡಿಗೇ ಇರ್ಲಿ, ಒಳಗ ಹಲಿಗಿ ಸರಿಸಿ ಒಂದು ಮಿನಿಟ್ಟು ತಳ ನೋಡ್ರಿ, ಒಣಗೈತಿ ಅಂದ್ರ ಮುಂದ. ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ ತೆರೀರಿ (ಇದನ್ನ ಮರತ್ರ ಇಂಜಿನ್ ಚಾಲೂ ಆಗಿ ಸ್ವಲ್ಪ ದೂರ ಹೋಗಿ ಸಾಯ್ತೈತಿ, ಕಾರಣ ಹುಡುಕ್ಕೊಂತ ಅರ್ಧ ದಿನ), ಪೈಪಿನ ರಬ್ಬರ್ ಬಲ್ಬ್ ಗಟ್ಟಿ ಆಗೂ ತನಕ ಒತ್ರಿ, ಗೇರು ನ್ಯೂಟ್ರಲ್, ಕೆಂಪು ಕಿಲ್ ಹಗ್ಗ (ನಡಸಾಂವ ನೀರಿಗೆ ಬಿದ್ರ ಇಂಜಿನ್ ಬಂದ್ ಮಾಡೂದು) ಕೈಗೆ ಇಲ್ಲಾ ಜಾಕೆಟ್ಟಿಗೆ, ಆಮ್ಯಾಲೆ ಎಳೀರಿ. ಚಾಲೂ ಆತು ಅಂದ್ರ ಹಿಂದ ಸಣ್ಣ ನೀರಿನ ಧಾರಿ ಬರಬೇಕು, ಅದು ಇಂಜಿನ್ ತಂಪು ಮಾಡಿದ ನೀರು. ಧಾರಿ ಇಲ್ಲಂದ್ರ ಬಂದ್ ಮಾಡ್ರಿ, ನೋಡೂಣ ಅಂತ ಓಡಸಬ್ಯಾಡ್ರಿ.

ವಾಪಸ್ ಬಂದು ಬೋಟು ಟ್ರೇಲರ್ ಮ್ಯಾಲೆ ಏರಿದ ಮ್ಯಾಲೆ ಬೂಚು ಬಿಚ್ಚಿ ಒಳಗಿನ ನೀರು ಹೋಗಾಕ ಬಿಟ್ಟು, ಬೂಚು ಮತ್ತ ಕೀ ಗೊಂಚಲಕ್ಕ. ಹೋದ ತಿಂಗಳು ಕಾರ್ಡಿಗೆ ಎಂಟನೇ ಸಾಲು ಬಂದೈತಿ, ಭಾವನ ಮಗಳು ಸ್ಕೆಚ್ ಪೆನ್ನಿಲೆ ಲ್ಯಾಮಿನೇಶನ್ ಮ್ಯಾಲೇನs ಬರದಾಳ: 'ಮಾವನ ಕಿಸೆ ನೋಡ್ರಿ'. ಅಳಿಸಿಲ್ಲ, ದಿನಾ ಅದನ್ನೂ ಓದ್ತೀವಿ, ನಾ ಕಿಸೆ ಹೊರಗ ತಗದು ತೋರಸ್ತೀನಿ.