ವಿಧಾನಸಭೆಗೆ ಮೊದಲ ಸಲ ನಿಲ್ಲುತ್ತೀರಾ? ನಾಮಪತ್ರ ತಿರಸ್ಕೃತವಾಗದಂತೆ ನೋಡಿಕೊಳ್ಳಿ

ನಾಮಪತ್ರ ಪರಿಶೀಲನೆಯ ದಿನಕ್ಕೆ 25 ವರ್ಷ ತುಂಬಿರಬೇಕು, ರಾಜ್ಯದ 224 ಕ್ಷೇತ್ರಗಳಲ್ಲಿ ಯಾವುದಾದರೊಂದರ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ನೀವು ನಿಲ್ಲುವ ಕ್ಷೇತ್ರದ ಮತದಾರರಲ್ಲದಿದ್ದರೆ ನಿಮ್ಮ ಹೆಸರಿರುವ ಪುಟದ ದೃಢೀಕೃತ ಪ್ರತಿ ಬೇಕು. ಮೀಸಲು ಕ್ಷೇತ್ರವಾದರೆ ಜಾತಿ ಪ್ರಮಾಣಪತ್ರವೂ ಬೇಕು.

ಮೊದಲು ಬ್ಯಾಂಕಿಗೆ ಹೋಗಿ. ಚುನಾವಣಾ ವೆಚ್ಚಕ್ಕೆಂದೇ ಪ್ರತ್ಯೇಕ ಖಾತೆಯನ್ನು ನಾಮಪತ್ರ ಸಲ್ಲಿಸುವುದಕ್ಕೆ ಕನಿಷ್ಠ ಒಂದು ದಿನ ಮುಂಚೆ ತೆರೆದಿರಬೇಕು. ಠೇವಣಿ 10,000 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ 5,000. ನಗದಾಗಿ ಕೊಡಿ ಇಲ್ಲವೇ ಖಜಾನೆಗೆ ಕಟ್ಟಿ ಚಲನ್ ತನ್ನಿ, ಚೆಕ್ ನಡೆಯುವುದಿಲ್ಲ.

ಹಳ್ಳಿಗಾಡಿನ ಅಭ್ಯರ್ಥಿಗಳು ಹೆಚ್ಚು ಎಚ್ಚರ ವಹಿಸಬೇಕಾದದ್ದು ಸೂಚಕರ, ಅಂದರೆ ನಿಮ್ಮ ಹೆಸರನ್ನು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವ ಮತದಾರರ ವಿಷಯದಲ್ಲಿ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕರು ಸಾಕು, ಪಕ್ಷೇತರರಿಗೆ ಹತ್ತು ಜನ ಬೇಕು. ಹತ್ತೂ ಮಂದಿ ಅದೇ ಕ್ಷೇತ್ರದ ಮತದಾರರೇ ಆಗಿರಬೇಕು. ಒಂದೇ ತಾಲ್ಲೂಕಿನ ಹೋಬಳಿಗಳು ಎರಡು ಕ್ಷೇತ್ರಗಳಿಗೆ ಹಂಚಿಹೋಗಿರುವ ಕಡೆ ‘ನಮ್ಮ ತಾಲ್ಲೂಕಿನವರೇ ಅಲ್ವಾ’ ಎಂದು ಸಹಿ ಹಾಕಿಸಿಕೊಂಡರೆ, ಆ ಒಬ್ಬರಿಂದಲೇ ಇಡೀ ನಾಮಪತ್ರ ಬಿದ್ದುಹೋಗುತ್ತದೆ. ಪ್ರತಿಯೊಬ್ಬರ ಭಾಗ ಸಂಖ್ಯೆ, ಕ್ರಮ ಸಂಖ್ಯೆಯನ್ನು ಇತ್ತೀಚಿನ ಪಟ್ಟಿಯಲ್ಲಿ ಬೆರಳಿಟ್ಟು ನೋಡಿ ಬರೆಯಿರಿ. ಸಹಿ ಬಾರದ ಹಿರಿಯರ ಹೆಬ್ಬೆಟ್ಟನ್ನು ಮನೆಯಲ್ಲೇ ಒತ್ತಿಸಿಕೊಂಡು ಬರಬೇಡಿ. ಚುನಾವಣಾಧಿಕಾರಿ ಅಥವಾ ಚುನಾವಣಾ ಆಯೋಗ ಗೊತ್ತುಪಡಿಸಿದ ಅಧಿಕಾರಿಯ ಎದುರೇ ಒತ್ತಿದರೆ ಮಾತ್ರ ಅದು ಊರ್ಜಿತ.

ಆಸ್ತಿ, ಸಾಲ ಮೊದಲಾದ ವಿವರ ಘೋಷಿಸುವ ನಮೂನೆ 26ರ ಪ್ರಮಾಣಪತ್ರವನ್ನು (ಅಫಿಡವಿಟ್) ತುಂಬಲು ಎರಡು ದಿನ ಇಟ್ಟುಕೊಳ್ಳಿ. ಪಹಣಿಗಳನ್ನು ಮುಂದಿಟ್ಟುಕೊಂಡು ಸರ್ವೆ ನಂಬರ್, ವಿಸ್ತೀರ್ಣ, ಈಗಿನ ಅಂದಾಜು ಬೆಲೆ ಬರೆಯಿರಿ. ಹೆಂಡತಿ ಅಥವಾ ಗಂಡ, ಅವಲಂಬಿತರು, ಅವಿಭಕ್ತ ಕುಟುಂಬದ ಆಸ್ತಿಯೂ ಬರಬೇಕು. ಸಹಕಾರ ಸಂಘದ ಬೆಳೆ ಸಾಲವನ್ನು ಬಿಡಬೇಡಿ. ಯಾವ ಕಲಮನ್ನೂ ಖಾಲಿ ಬಿಡುವಂತಿಲ್ಲ. ಏನೂ ಇಲ್ಲದಿದ್ದರೆ ‘ಇಲ್ಲ’ ಎಂದು ಬರೆಯಬೇಕು. ಅಧಿಕಾರಿ ನೋಟಿಸ್ ಕೊಟ್ಟ ಮೇಲೂ ಖಾಲಿ ಉಳಿಸಿದರೆ ನಾಮಪತ್ರವನ್ನು ತಿರಸ್ಕರಿಸಬಹುದೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ನೋಟರಿ ಮುಂದೆ ಪ್ರಮಾಣ ಮಾಡಿಸಿ, ಪ್ರತಿ ಪುಟಕ್ಕೂ ಸಹಿ ಹಾಕಿ.

ಸಲ್ಲಿಕೆ ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ. ನಾಮಪತ್ರದ ಅರ್ಜಿಯಾದ ನಮೂನೆ 2ಬಿಯನ್ನು ಅಭ್ಯರ್ಥಿ ಅಥವಾ ಸೂಚಕರೇ ಖುದ್ದಾಗಿ ಕೊಡಬೇಕು. ಒಳಗೆ ಅಭ್ಯರ್ಥಿ ಸೇರಿ ಐದೇ ಜನ. ನೀವೇ ಪಕ್ಷದ ಅಧಿಕೃತ ಅಭ್ಯರ್ಥಿ ಎಂದು ತಿಳಿಸುವ ಎ ಮತ್ತು ಬಿ ಫಾರಂ ಕೊನೆಯ ದಿನ 3 ಗಂಟೆಯೊಳಗೆ ತಲುಪಿರಬೇಕು. ಒಂದು ಕ್ಷೇತ್ರಕ್ಕೆ ನಾಲ್ಕು ನಾಮಪತ್ರಗಳವರೆಗೆ ಸಲ್ಲಿಸಬಹುದು, ಠೇವಣಿ ಒಂದೇ. ಪಕ್ಷೇತರರು ಬೇರೆ ಹತ್ತು ಸೂಚಕರೊಂದಿಗೆ ಎರಡನೆಯದನ್ನು ಕೊಡುವುದು ಜಾಣತನ. ಮುಹೂರ್ತ ನೋಡಿ ಕೊನೆಯ ದಿನಕ್ಕೆ ಕಾಯಬೇಡಿ. ತಪ್ಪು ಸಿಕ್ಕರೆ ತಿದ್ದಿ ಮತ್ತೊಂದು ಕೊಡಲು ಸಮಯವೇ ಇರುವುದಿಲ್ಲ.

ನಾಮಪತ್ರ ಕೊಟ್ಟ ಮೇಲೆ ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣವಚನ ಸ್ವೀಕರಿಸದೆ ಹೊರಬರಬೇಡಿ. ಪರಿಶೀಲನೆಯ ಹಿಂದಿನ ದಿನದೊಳಗೆ ಅದು ಆಗದಿದ್ದರೆ ಬೇರೆಲ್ಲ ಸರಿಯಿದ್ದರೂ ಪ್ರಯೋಜನವಿಲ್ಲ.

ನಾಮಪತ್ರ ಕೊಟ್ಟ ದಿನದಿಂದಲೇ ಖರ್ಚಿನ ಲೆಕ್ಕವೂ ಶುರು. ಕರ್ನಾಟಕದಲ್ಲಿ ವೆಚ್ಚದ ಮಿತಿ 40 ಲಕ್ಷ. ವೆಚ್ಚದ ಲೆಕ್ಕದ ಪುಸ್ತಕದಲ್ಲಿ ದಿನದ ಖರ್ಚು ಬಿಳಿ ಹಾಳೆಗೆ, ನಗದು ಗುಲಾಬಿ ಹಾಳೆಗೆ, ಬ್ಯಾಂಕ್ ವ್ಯವಹಾರ ಹಳದಿ ಹಾಳೆಗೆ. ಊಟ, ಶಾಮಿಯಾನ, ಮೈಕ್ ಸೆಟ್ಟಿನ ಬಿಲ್ಲುಗಳನ್ನು ಅಂದಂದೇ ಅಂಟಿಸಿಡಿ. ಸೋತವರೂ ಫಲಿತಾಂಶದ 30 ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಕೊಡಲೇಬೇಕು. ಸಕಾರಣವಿಲ್ಲದೆ ತಪ್ಪಿದರೆ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು.