ಗುಂಡ ಹೋದ ಮೇಲೆ: ನನ್ನ ಅನುಭವ

ಮನುಷ್ಯರು ತೀರಿಕೊಂಡರೆ ದುಃಖಕ್ಕೆ ಒಂದು ಕಟ್ಟಳೆ ಇದೆ. ಸೂತಕ ಇರುತ್ತದೆ, ನೆಂಟರು ಬಂದು ಕೂರುತ್ತಾರೆ, ಹೇಗಾಯಿತು ಎಂದು ಕೇಳುತ್ತಾರೆ, ಕಚೇರಿಯಲ್ಲಿ ರಜೆ ಸಿಗುತ್ತದೆ. ಬೆಕ್ಕು ಸತ್ತರೆ ಮರುದಿನ ಬೆಳಿಗ್ಗೆ ಎಂದಿನ ಬಸ್ ಹತ್ತಲೇಬೇಕು. "ಬೆಕ್ಕು ತಾನೇ, ಇನ್ನೊಂದು ಮರಿ ತಂದರಾಯಿತು" ಎಂದವರು ಕೆಟ್ಟವರಲ್ಲ. ಆದರೆ ಆ ಮಾತು ಕಿವಿಗೆ ಬಿದ್ದ ಮೇಲೆ ಮತ್ತೆ ಬಾಯಿ ಬಿಡಲು ಮನಸ್ಸಾಗುವುದಿಲ್ಲ. ಸುತ್ತಲಿನವರು ಲೆಕ್ಕಕ್ಕೆ ಹಿಡಿಯದ ಇಂಥ ದುಃಖದ ಬಗ್ಗೆ ಅಮೆರಿಕದ ವಿದ್ವಾಂಸ, ಸಾವಿನ ದುಃಖವನ್ನು ಅಧ್ಯಯನ ಮಾಡಿದ ಕೆನೆತ್ ಡೋಕಾ 1989ರಲ್ಲೇ ಬರೆದಿದ್ದಾರೆ ಎಂದು ತಿಳಿದಾಗ, ನನ್ನ ಅಳು ಅತಿರೇಕವಲ್ಲ ಎಂಬ ಧೈರ್ಯ ಬಂತು.

ನಮ್ಮ ಗುಂಡನಿಗೆ ಮೂತ್ರಪಿಂಡ ಸೋತಿತ್ತು. ವಯಸ್ಸಾದ ಬೆಕ್ಕುಗಳಲ್ಲಿ ಇದು ಬಹಳ ಸಾಮಾನ್ಯ. ನೀರು ಹೆಚ್ಚು ಕುಡಿಯತೊಡಗಿದ್ದ, ಸವರಿದರೆ ಬೆನ್ನುಮೂಳೆ ಕೈಗೆ ತಾಗುತ್ತಿತ್ತು. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ತ್ಯಾಜ್ಯ) ಏರಿದ್ದು ಕಂಡ ಮೇಲೆ, ಚರ್ಮದಡಿಗೆ ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ ದ್ರಾವಣ ಕೊಡುವುದನ್ನು ವೈದ್ಯರು ನನಗೇ ಕಲಿಸಿದರು. ಬೆಳಿಗ್ಗೆ ಏಳು ಗಂಟೆಗೆ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗಾಗಿಸಿ, ಕಿಟಕಿಯ ಸರಳಿಗೆ ತೂಗುಹಾಕಿ, ಹೆಗಲ ನಡುವಿನ ಚರ್ಮವನ್ನು ಎತ್ತಿ ಹಿಡಿದು ಸೂಜಿ ಚುಚ್ಚುತ್ತಿದ್ದೆ. ಅವನು ಮಡಿಲಲ್ಲಿ ಅಲುಗಾಡದೆ ಕೂರುತ್ತಿದ್ದ.

ಕೊನೆಕೊನೆಗೆ ಬಾಯಲ್ಲಿ ಹುಣ್ಣಾಗಿ ಊಟ ಬಿಟ್ಟ. ದಯಾಮರಣದ ಮಾತು ಬಂದಾಗ ಅಮ್ಮ ನಡುಗಿದರು. ಬೆಕ್ಕನ್ನು ಕೊಂದ ಪಾಪ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಟ್ಟರಷ್ಟೇ ಕಳೆಯುತ್ತದೆ ಎಂದು ಕೇಳುತ್ತ ಬೆಳೆದವರು ಅವರು. ವೈದ್ಯರು ಸಿಡುಕದೆ ಬಿಡಿಸಿ ಹೇಳಿದರು: ಮೊದಲು ಮಂಪರಿನ ಚುಚ್ಚುಮದ್ದು, ಅದು ಹತ್ತಿದ ಮೇಲೆ ಹೆಚ್ಚು ಪ್ರಮಾಣದ ಅರಿವಳಿಕೆ, ಹೃದಯ ನಿಲ್ಲುವುದು ಅದಕ್ಕೆ ತಿಳಿಯುವುದಿಲ್ಲ, ಕಣ್ಣು ತೆರೆದೇ ಇರುತ್ತದೆ, ಹೆದರಬೇಡಿ. ಅಮ್ಮ ಅವನ ತಲೆ ಸವರಿ, "ಇನ್ನು ನರಳಿಸುವುದು ಬೇಡ" ಎಂದು ತಾವೇ ಹೇಳಿದರು. ಹಿತ್ತಲಿನ ತೆಂಗಿನ ಮರದ ಪಕ್ಕದಲ್ಲಿ ಮೂರಡಿ ಆಳದ ಗುಂಡಿ ತೋಡಿಸಿ ಮೇಲೆ ಚಪ್ಪಡಿ ಹಾಕಿಸಿದೆವು. ಆ ಔಷಧಿ ದೇಹದಲ್ಲೇ ಉಳಿಯುತ್ತದೆ, ಬೀದಿನಾಯಿ ಕೆದಕಿ ತಿಂದರೆ ಅದರ ಜೀವಕ್ಕೂ ಅಪಾಯ.

ಆಮೇಲೆ ನನ್ನನ್ನು ಕಾಡಿದ್ದು ಬೆಳಗಿನ ಏಳು ಗಂಟೆ. ಎಷ್ಟೋ ಮಂದಿ ಹೇಳಿದಂತೆ ಹೊರಗೆ ತಿರುಗಾಡಲು ಹೋಗಿ ನೋಡಿದೆ, ಪ್ರಯೋಜನವಾಗಲಿಲ್ಲ. ಆ ಹೊತ್ತಿಗೆ ಕೈಗಳಿಗೆ ಕೆಲಸ ಬೇಕಿತ್ತು. ಕೊನೆಗೆ ಅದೇ ಕಿಟಕಿಯ ಬಳಿ ಅದೇ ಹೊತ್ತಿಗೆ ಕುಳಿತು ನಮ್ಮ ಇನ್ನೊಂದು ಬೆಕ್ಕು ಚುಕ್ಕಿಯ ಮೈ ಬಾಚತೊಡಗಿದೆ. ಅಳು ಬಂದರೆ ತಡೆಯಲಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾದದ್ದು ಇದೇ.

ಚುಕ್ಕಿಯೂ ಸಂಕಟಪಟ್ಟಳು. ರಾತ್ರಿ ಕೋಣೆ ಕೋಣೆ ಸುತ್ತಿ ಕೂಗುತ್ತಿದ್ದಳು, ಬಟ್ಟಲಿನಲ್ಲಿ ಊಟ ಉಳಿಸುತ್ತಿದ್ದಳು. ಇದನ್ನು ಹಗುರವಾಗಿ ನೋಡಬಾರದು. ಬೆಕ್ಕು ಕೆಲವೇ ದಿನ ಉಪವಾಸ ಬಿದ್ದರೂ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕುತ್ತು ಬರಬಹುದು. ಮೀನನ್ನು ಬೆಚ್ಚಗೆ ಮಾಡಿ ಕೈಯಲ್ಲೇ ತಿನ್ನಿಸಿದೆ. ಅವಳನ್ನು ಉಣ್ಣಿಸಲು ಕೂತಾಗ ನಾನೂ ಎರಡು ತುತ್ತು ಉಂಡೆ.

ಗುಂಡನ ಕಾಯಿಲೆ ಇನ್ನೂ ಮುಂಚೆಯೇ ಗೊತ್ತಾಗಬೇಕಿತ್ತಲ್ಲ ಎಂಬ ಯೋಚನೆ ಮಾತ್ರ ಬಿಡಲಿಲ್ಲ. ಮತ್ತೆ ವೈದ್ಯರ ಬಳಿಗೆ ಹೋಗಿ ಅದನ್ನೇ ಕೇಳಿದೆ. ನೋವನ್ನು ಮರೆಮಾಚುವುದು ಬೆಕ್ಕಿನ ಹುಟ್ಟುಗುಣ. ಮೂತ್ರಪಿಂಡದ ಸುಮಾರು ಮುಕ್ಕಾಲು ಭಾಗದ ಶಕ್ತಿ ಕುಂದಿದ ಮೇಲೆಯೇ ಸಾಮಾನ್ಯವಾಗಿ ಕ್ರಿಯಾಟಿನಿನ್ ಏರುತ್ತದೆ ಎಂದು ವಿವರಿಸಿದರು. ಮನೆಗೆ ಬಂದು ಅವನ ಕಾಯಿಲೆಯ ಕಥೆಯನ್ನು ಮೊದಲಿನಿಂದ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ, ಯಾವ ಲಕ್ಷಣ ಯಾವಾಗ ಕಂಡಿತು, ಏನು ಮಾಡಿದೆವು ಎಂದೆಲ್ಲ. ಓದಿ ನೋಡಿದರೆ ಮಾಡಬಹುದಾದದ್ದನ್ನೆಲ್ಲ ಮಾಡಿದ್ದೆವು. ಮನಸ್ಸು ಒಪ್ಪಲು ಆ ಬರಹ ಬೇಕಾಯಿತು. ಅಂಥ ಪ್ರಶ್ನೆ ನಿಮ್ಮನ್ನೂ ಕೊರೆಯುತ್ತಿದ್ದರೆ ವೈದ್ಯರನ್ನು ಕೇಳಲು ಸಂಕೋಚಪಡಬೇಡಿ. ಊಟ, ನಿದ್ದೆ ಬಿಟ್ಟು ದಿನದ ಕೆಲಸವೇ ನಿಂತುಹೋದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ತೆರೆಯದೆ ಉಳಿದಿದ್ದ ದ್ರಾವಣದ ಬಾಟಲಿಗಳನ್ನು ಬೇರೆ ಬೆಕ್ಕಿಗಾಗಲಿ ಎಂದು ಆಸ್ಪತ್ರೆಗೆ ಕೊಟ್ಟೆ. ಅವನು ಮಲಗುತ್ತಿದ್ದ ಟವೆಲ್ ಕೊಡಲಿಲ್ಲ.

ಹೊಸ ಮರಿಯನ್ನು ಇನ್ನೂ ತಂದಿಲ್ಲ. ಅವಸರದಲ್ಲಿ ತಂದ ಮರಿಯಲ್ಲಿ ನಾವು ಹಳೆಯದನ್ನೇ ಹುಡುಕುತ್ತೇವೆ, ಅದು ಆ ಮರಿಗೆ ಮಾಡುವ ಅನ್ಯಾಯ ಎಂಬುದು ನನ್ನ ಅಭಿಪ್ರಾಯ. ಬೆಕ್ಕು ಪ್ಯಾನ್‌ಲ್ಯೂಕೋಪೇನಿಯಾ ಎಂಬ ಸಾಂಕ್ರಾಮಿಕ ವೈರಸ್ ರೋಗದಿಂದ ಸತ್ತಿದ್ದರಂತೂ ಅವಸರ ಬೇಡವೇ ಬೇಡ: ಆ ವೈರಸ್ ಮನೆಯಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು, ಲಸಿಕೆ ಪೂರ್ತಿಯಾಗದ ಮರಿಯನ್ನು ಒಳಗೆ ತರಬಾರದು. ನಮಗೆ ಆ ಭಯವಿಲ್ಲ. ಚುಕ್ಕಿಗೂ ವಯಸ್ಸಾಗುತ್ತಿದೆ, ವರ್ಷಕ್ಕೊಮ್ಮೆ ರಕ್ತ, ಮೂತ್ರ ಪರೀಕ್ಷೆ ಮಾಡಿಸುತ್ತೇನೆ, ತಿಂಗಳಿಗೊಮ್ಮೆ ತೂಕ ನೋಡುತ್ತೇನೆ. ಮರಿ ತರುವ ದಿನ ಬಂದರೆ ಅವಳಿಗೆ ಹೊಂದುವಂಥದ್ದನ್ನೇ ತರುತ್ತೇನೆ.