ವಾಚಿನ ಗಾಜು ಬಿರುಕು ಬಿಟ್ಟರೆ ರಿಪೇರಿ ಮಾಡಿಸಬೇಕಾ?

ಮೊದಲು ಅದು ಗೀರೋ ಬಿರುಕೋ ನೋಡಿ. ಅಗ್ಗದ ವಾಚುಗಳಲ್ಲಿ ಕೆಲವಕ್ಕೆ ಗಾಜಿನ ಬದಲು ಅಕ್ರಿಲಿಕ್ ಪ್ಲಾಸ್ಟಿಕ್ ಇರುತ್ತದೆ. ಅದರ ಮೇಲಿನ ಸಣ್ಣ ಗೀರು ಟೂತ್‌ಪೇಸ್ಟ್ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ಉಜ್ಜಿದರೆ ಬಹುಪಾಲು ಹೋಗುತ್ತದೆ. ಬಿರುಕು ಮಾತ್ರ ಯಾವ ಪಾಲಿಶ್‌ಗೂ ಬಗ್ಗುವುದಿಲ್ಲ. ಗಾಜು ಬದಲಿಸಲೇಬೇಕು.

ಅಲ್ಲಿಯವರೆಗೆ ವಾಚು ಕಟ್ಟಬೇಡಿ. ಹಿಂಬದಿಯಲ್ಲಿ ವಾಟರ್ ರೆಸಿಸ್ಟೆಂಟ್ ಅಂತ ಇದ್ದರೂ ಈಗ ಅದಕ್ಕೆ ಬೆಲೆಯಿಲ್ಲ, ಬೆವರೂ ಒಳಗಿಳಿಯುತ್ತದೆ. ನಾನು ‘ಇಷ್ಟೇ ತಾನೇ’ ಅಂತ ಸುಮ್ನೆ ಕಟ್ಟಿಕೊಂಡು ಓಡಾಡಿದೆ. ಸಾಸಿವೆಗಿಂತ ಸಣ್ಣ ಗಾಜಿನ ಚೂರು ಡಯಲ್ ಮೇಲೆ ಬಿದ್ದು ಸೆಕೆಂಡ್ ಮುಳ್ಳಿಗೆ ಅಡ್ಡವಾಯಿತು. ಮುಳ್ಳು 4ರ ಹತ್ತಿರ ನಿಂತಲ್ಲೇ ನಡುಗುತ್ತಿತ್ತು, ಪಾಪ.

ಗಾಜು ದುಂಡಗೆ, ಚಪ್ಪಟೆಯಾಗಿದ್ದರೆ ಧೈರ್ಯವಾಗಿ ಮಾಡಿಸಿ. ಅಂಥವು 0.1 ಮಿ.ಮೀ. ಅಂತರದ ಅಳತೆಗಳಲ್ಲೂ ಸಿಗುತ್ತವೆ. ಚೌಕ, ಬಾಗಿದ ಗಾಜು, ತಾರೀಖಿನ ಮೇಲೆ ಭೂತಗನ್ನಡಿ ಇರುವಂಥದ್ದಾದರೆ ಹೊಂದುವುದು ಸಿಗೋದೇ ಕಷ್ಟ, ಖರ್ಚೂ ಜಾಸ್ತಿ. ಒಟ್ಟು ಖರ್ಚು ಹೊಸ ವಾಚಿನ ಅರ್ಧ ಬೆಲೆ ದಾಟಿದರೆ ನಾನಂತೂ ಬಿಟ್ಟುಬಿಡುತ್ತೇನೆ. ಅಪ್ಪ ಕೊಟ್ಟ ವಾಚಾದರೆ ಈ ಲೆಕ್ಕ ನಡೆಯಲ್ಲ, ಅಲ್ವಾ? ಮಾಡಿಸುವುದೇ ಆದರೆ ಬ್ಯಾಟರಿ, ನೀರು ಒಳಗೆ ಹೋಗದಂತೆ ತಡೆಯುವ ರಬ್ಬರ್ ರಿಂಗ್ ಕೂಡ ಆಗಲೇ ಬದಲಿಸಲು ಹೇಳಿ.